ಫ್ಯಾನಿಲ್ಲದ ಅಂಗಡಿ, ಬೆವರುವ ಬೆರಳು

ಮಾರ್ಚ್ 4, ಸೋಮವಾರ

ಈ ಪುಟದ ಮೂಲೆಯಲ್ಲಿರುವ ನೀಲಿ ಮಚ್ಚೆ ಶಾಯಿ ಚೆಲ್ಲಿದ್ದಲ್ಲ, ನನ್ನ ಅಂಗೈ. ಮೊದಲ ಸಾಲು ಮುಗಿಯುವಷ್ಟರಲ್ಲಿ ಕೈಯಡಿಯ ಕಾಗದ ಒದ್ದೆಯಾಗಿ ಅಕ್ಷರಗಳು ಈಜಾಡುತ್ತಿವೆ. ಬೇರೆ ಬಸುರಿಯರಿಗೆ ವಾಂತಿ ಬರುತ್ತದಂತೆ, ಹುಳಿ ಬೇಕೆನಿಸುತ್ತದಂತೆ. ನನಗೆ ಅದೊಂದೂ ಇಲ್ಲ. ನನಗೆ ಬರುವುದು ಬೆವರು. ಹಣೆ, ಕತ್ತು, ಬೆನ್ನು, ಮೊಣಕಾಲಿನ ಹಿಂಭಾಗ! ಮೊಣಕಾಲಿನ ಹಿಂದೆ ಬೆವರುತ್ತದೆಂದು ಇಪ್ಪತ್ತೊಂಬತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ.

ಒಳಗಿರುವ ಗಿರಾಕಿಗೆ ಹದಿನೇಳು ವಾರ. ಡೆಲಿವರಿ ಡೇಟು ಆಗಸ್ಟ್. ಅಲ್ಲಿಯವರೆಗೆ ಅವರ ಪಾಡಿಗೆ ಅವರು ಕೂತಿರಲಿ, ನನ್ನ ಪಾಡಿಗೆ ನನ್ನನ್ನು ಬಿಡಲಿ ಎಂದುಕೊಂಡಿದ್ದೆ. ಬಂದವರೇ ಒಳಗೆ ಬಾಯ್ಲರ್ ಹಚ್ಚಿಕೊಂಡು ಕೂತಿದ್ದಾರೆ.

ನಮ್ಮದು ಗಡಿಯಾರ ರಿಪೇರಿ ಅಂಗಡಿ. ಮಾವ ಮತ್ತು ನಾನು, ಎರಡು ಮೇಜು, ಎರಡು ಸ್ಟೂಲು. ನಲವತ್ತೊಂದು ವರ್ಷದಿಂದ ಇಲ್ಲಿ ಫ್ಯಾನಿಲ್ಲ. ಬಿಚ್ಚಿಟ್ಟ ವಾಚಿನ ಮೇಲೆ ಗಾಳಿ ಬೀಸಿದರೆ, ಸಾಸಿವೆಗಿಂತ ಸಣ್ಣ ಸ್ಕ್ರೂ ಎಲ್ಲಿಗೆ ಹೋಯಿತೆಂದು ದೇವರಿಗೂ ತಿಳಿಯುವುದಿಲ್ಲ. ಸೀನು ಬಂದರೆ ಬೀದಿಗೆ ಹೋಗಿ ಸೀನಬೇಕು. ಯಾರಾದರೂ ಸೆಖೆಯೆಂದು ಪೇಪರಿನಿಂದ ಬೀಸಿಕೊಂಡರೆ, ಮಾವ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ತಲೆಯೆತ್ತಿ "ಬೀಸ್ಬೇಡಿ" ಎನ್ನುತ್ತಾರೆ. ಆ ಮುಖಕ್ಕೆ ಎದುರಾಡಿದವರನ್ನು ನಾನಿನ್ನೂ ಕಂಡಿಲ್ಲ.

ಮಾವನಿಗೆ ಈ ವರ್ಷ ಎಪ್ಪತ್ತು. ಕೀ ಕೊಡುವ ವಾಚುಗಳ ಕಂಪನಿ ಎಪ್ಪತ್ತು ದಾಟಿದವರಿಗೆ ರಿಪೇರಿ ಪರವಾನಗಿ ಕೊಡುವುದಿಲ್ಲ. ಏಪ್ರಿಲ್ 20ಕ್ಕೆ ಪರೀಕ್ಷಕರು ಅಂಗಡಿಗೇ ಬರುತ್ತಾರೆ. ಅವರೆದುರು ಒಂದು ಪುಟ್ಟ ಲೇಡೀಸ್ ವಾಚನ್ನು ಪೂರಾ ಬಿಚ್ಚಿ, ಎರಡು ಗಂಟೆಯೊಳಗೆ ಜೋಡಿಸಿ ಕೊಡಬೇಕು. ಅದನ್ನವರು ಡಬ್ಬಿಯಲ್ಲಿಟ್ಟು ಸೀಲು ಮಾಡಿ ಒಯ್ಯುತ್ತಾರೆ. ಎರಡು ವಾರ ಬಿಟ್ಟು ತೆರೆಯುತ್ತಾರೆ. ಬೆವರುಗೈ ತಾಗಿದ್ದರೆ ಅಷ್ಟರಲ್ಲಿ ಅಲ್ಲಿ ತುಕ್ಕು ಎದ್ದಿರುತ್ತದೆ, ಬೆರಳಿನ ಗೆರೆಗಳ ಸಮೇತ. ಪಾಸಾದರೆ ಪರವಾನಗಿ ನನಗೆ. ಇಲ್ಲವಾದರೆ ಮುಂದಿನ ಪರೀಕ್ಷೆ ಮೂರು ವರ್ಷಕ್ಕೆ, ಅಲ್ಲಿಯ ತನಕ ನಮ್ಮದು ಸೆಲ್ಲು ಹಾಕುವ, ಬೆಲ್ಟು ಬದಲಿಸುವ ಅಂಗಡಿ. ಮಾವ ಕೂತು ಬೆಲ್ಟು ಬದಲಿಸುವುದನ್ನು ನಾನು ನೋಡಲಾರೆ.

ಆರು ವರ್ಷ ಕಲಿತ ವಿದ್ಯೆ. ಕೈಯೇ ಕೈ ಕೊಡುವ ಹಾಗಾಗಿದೆ. ಮಾವನಿಗೆ ಹೇಳಿಲ್ಲ. ಹೇಳಿದರೆ ಮೇಜಿನಿಂದ ಎಬ್ಬಿಸಿ ಮನೆಗೆ ಕಳಿಸುತ್ತಾರೆ.

ಮಾರ್ಚ್ 7, ಗುರುವಾರ

ನನ್ನ ಗಂಡನ ಕೆಲಸ ಕೋಲ್ಡ್ ಸ್ಟೋರೇಜಿನಲ್ಲಿ. ತರಕಾರಿ ಮೂಟೆಗಳ ನಡುವೆ ಇಡೀ ದಿನ ಸ್ವೆಟರು, ಟೋಪಿ, ಕೈಗವಸು. ಸಂಜೆ ಅವರು ಬಾಗಿಲು ತೆರೆದರೆ ಸಾಕು, ನಾನು ಓಡಿಹೋಗಿ ಅಪ್ಪಿಕೊಳ್ಳುತ್ತೇನೆ. ಮೊದಮೊದಲು ಪಾಪ ಹಿಗ್ಗಿದ್ದರು. ಇವತ್ತು ಅವರಿಗೆ ವಿಷಯ ಹೊಳೆಯಿತು.

"ನಿನಗೆ ಬೇಕಾಗಿರೋದು ನಾನಾ, ಸ್ವೆಟರ್ರಾ?"

"ಸ್ವೆಟರ್ ಬಿಚ್ಚಿ ಕೊಡಿ, ಆಮೇಲೆ ಹೇಳ್ತೀನಿ."

ಬಿಚ್ಚಿ ಕೊಟ್ಟರು. ಅದನ್ನು ಕೆನ್ನೆಗೊತ್ತಿಕೊಂಡು ಕೂತೆ. ಆಲೂಗಡ್ಡೆ ವಾಸನೆ, ಆದರೆ ಏನು ತಂಪು! ಅವರಿನ್ನೂ ಉತ್ತರಕ್ಕೆ ಕಾಯುತ್ತಿದ್ದಾರೆ.

ಇನ್ನೊಂದು ಉಪಾಯ ಸಿಕ್ಕಿದೆ. ಹೊಸ ವಾಚಿನ ಡಬ್ಬಿಗಳಲ್ಲಿ ತೇವ ಹೀರಲೆಂದು ಹರಳಿನ ಪುಟ್ಟ ಪೊಟ್ಟಣ ಇಟ್ಟಿರುತ್ತಾರಲ್ಲ, ಅಂಗಡಿಯಲ್ಲಿ ಅವು ರಾಶಿ ಬಿದ್ದಿವೆ. ಹನ್ನೆರಡನ್ನು ಆಯ್ದು ಕಂಕುಳಿಗೆ ನಾಲ್ಕು ನಾಲ್ಕು, ಬೆನ್ನಿಗೆ ನಾಲ್ಕು ಸಿಕ್ಕಿಸಿಕೊಂಡೆ. ವಾಚಿಗೆ ಆಗುವುದು ನನಗೇಕೆ ಆಗಬಾರದು? ಆಗಲಿಲ್ಲ. ಕೈ ಎತ್ತಿದಾಗಲೆಲ್ಲ ಕರಕರ ಸದ್ದು. ಮಾವ ಎರಡು ಸಲ ಕೆಲಸ ನಿಲ್ಲಿಸಿ, ಯಾವ ಗಡಿಯಾರದ ಹಲ್ಲು ಉಜ್ಜುತ್ತಿದೆಯೆಂದು ಗೋಡೆಯ ಗಡಿಯಾರಗಳಿಗೆಲ್ಲ ಕಿವಿಗೊಟ್ಟು ಬಂದರು. ನಗು ತಡೆಯಲಾರದೆ ಸೀನುವ ನೆಪದಲ್ಲಿ ಬೀದಿಗೆ ಓಡಿದೆ.

ಮಾರ್ಚ್ 11, ಸೋಮವಾರ

ಗೆದ್ದೆ! ನೀರು ಕುಡಿದರೆ ತಾನೇ ಬೆವರುವುದು? ಬೆಳಿಗ್ಗೆ ಒಂದು ಲೋಟ, ಮತ್ತೆ ಸಂಜೆಯವರೆಗೆ ಬಾಯಿಗೆ ಬೀಗ. ಬೆರಳ ತುದಿಗೆ ವಾಚು ತೊಳೆಯುವ ಪೆಟ್ರೋಲು ಒರೆಸಿಕೊಂಡರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಣಗಿ ಗರಿಗರಿ. ಬೆವರು ತಾಗದಿರಲೆಂದು ಬೆರಳಿಗೆ ಹಾಕುವ ರಬ್ಬರ್ ಟೋಪಿಯೂ ಬೇಡ, ಏನೂ ಬೇಡ. ಇಷ್ಟು ಸುಲಭದ್ದು ಮೊದಲೇ ಏಕೆ ಹೊಳೆಯಲಿಲ್ಲವೋ!

ಸ್ವಲ್ಪ ತಲೆನೋವು. ಪರವಾಗಿಲ್ಲ.

ಮಾರ್ಚ್ 16, ಶನಿವಾರ

ಇವತ್ತು ಸ್ಟೂಲಿನಿಂದ ಜಾರಿ ಬಿದ್ದೆ. ಕಣ್ಣು ಕತ್ತಲೆ ಬಂದಿದ್ದು ಗೊತ್ತು, ನೆಲ ಬಂದಿದ್ದು ಗೊತ್ತಿಲ್ಲ. ಆದರೆ ಚಿಮಟದಲ್ಲಿ ಹಿಡಿದಿದ್ದ, ಕೂದಲೆಳೆಯಷ್ಟು ತೆಳ್ಳನೆಯ ಹೇರ್ ಸ್ಪ್ರಿಂಗಿಗೆ ಏನೆಂದರೆ ಏನೂ ಆಗಿಲ್ಲ! ಒಂದು ಸುತ್ತೂ ಬಾಗಿಲ್ಲ! ಬಿದ್ದವಳು ಕೈ ಮಾತ್ರ ಮೇಲೆತ್ತಿ ಹಿಡಿದಿದ್ದೆ. ಮಾವನ ಶಿಷ್ಯೆ ಎಂದರೆ ಹೀಗಿರಬೇಕು.

ಅವರು ಮುಂದಿನ ಕಟ್ಟೆಯಲ್ಲಿ ಯಾರದೋ ಜೊತೆ ಮಾತಾಡುತ್ತಿದ್ದರು. ಸದ್ದು ಕೇಳಿ ಓಡಿ ಬಂದರು.

"ಏನಮ್ಮಾ, ಕೆಳಗೆ ಕೂತಿದೀಯ?"

"ಸ್ಕ್ರೂ ಬಿತ್ತು ಮಾವ, ಹುಡುಕ್ತಿದೀನಿ."

ಪುಣ್ಯಾತ್ಮರು ತಾವೂ ಮಂಡಿಯೂರಿ ಟಾರ್ಚು ಹಚ್ಚಿದರು. ಇಬ್ಬರೂ ಸೇರಿ ಬೀಳದೇ ಇದ್ದ ಸ್ಕ್ರೂವನ್ನು ಕಾಲು ಗಂಟೆ ಹುಡುಕಿದೆವು. ನನಗೆ ಎದ್ದು ನಿಲ್ಲಲು ಅಷ್ಟು ಹೊತ್ತು ಬೇಕಾಗಿತ್ತು, ಅನುಕೂಲವೇ ಆಯಿತು.

ಮಾರ್ಚ್ 18, ಸೋಮವಾರ

ಸಿಕ್ಕಿಬಿದ್ದೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಾವ ಶನಿವಾರದ ವಾಚಿನ ಸ್ಕ್ರೂಗಳನ್ನೆಲ್ಲ ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು.

"ಎಲ್ಲಾ ಇವೆ. ಒಂದೂ ಬಿದ್ದಿಲ್ಲ. ಮೊನ್ನೆ ನೆಲದ ಮೇಲೆ ಏನು ಹುಡುಕ್ತಿದ್ದೆ?"

ನನ್ನ ಮುಖ ಇಂಗು ತಿಂದ ಮಂಗನಂತಾಗಿರಬೇಕು. ಬಾಯಿ ಬಿಟ್ಟೆ. ಬೆವರು, ನೀರು, ಪೆಟ್ರೋಲು, ಪೊಟ್ಟಣ, ಎಲ್ಲ. ಮಾವ ಷಟರ್ ಎಳೆದರು. ಬೆಳಗಿನ ಹತ್ತೂವರೆಗೆ! ಎದುರಿನ ಟೈಲರ್ ಓಡಿ ಬಂದು "ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದ.

ನನ್ನ ಗಂಡ ಕೋಲ್ಡ್ ಸ್ಟೋರೇಜಿನಿಂದ ಸ್ವೆಟರಿನಲ್ಲೇ ಆಸ್ಪತ್ರೆಗೆ ಬಂದರು. ಡಾಕ್ಟರಮ್ಮ ನನ್ನ ನಾಲಿಗೆ ನೋಡಿದರು, ರಕ್ತದೊತ್ತಡ ನೋಡಿದರು.

"ದಿನಕ್ಕೆ ಎಷ್ಟು ನೀರು ಕುಡೀತೀರ?"

"ಒಂದು..."

"ಒಂದು ಜಗ್ಗಾ?"

"ಒಂದು ಲೋಟ."

ಆಮೇಲೆ ಕೈ ಹಿಡಿದು ಬೆರಳು ಮೂಸಿ, ಇದೇನು ವಾಸನೆ ಎಂದರು. ಹೇಳಿದೆ. ಅಷ್ಟೆ. ಬೆವರಿನ ಕಾಯಿಲೆಗೆಂದು ಹೋದವಳಿಗೆ ಆ ತಾಯಿ ಇನ್ನಷ್ಟು ಬೆವರಿಳಿಸಿದರು.

"ಬಸುರಿ ಹೆಂಗಸು ಪೆಟ್ರೋಲ್ ಹಚ್ಕೊಂಡು, ಅದರ ಹೊಗೆ ಕುಡ್ಕೊಂಡು ಕೂರೋದಾ? ಬೆವರು ನಿಮ್ಮ ವೈರಿ ಅಲ್ಲಮ್ಮ. ಮೈಯಲ್ಲಿ ರಕ್ತ ಜಾಸ್ತಿ ಆಗಿದೆ, ಶಾಖ ಜಾಸ್ತಿ ಆಗಿದೆ, ಅದು ಹೊರಗೆ ಹೋಗ್ಬೇಕಲ್ಲ? ನೀರು ಬಿಟ್ರೆ ಬೆವರು ನಿಲ್ಲಲ್ಲ, ನೀವೇ ಬೀಳ್ತೀರ."

"ಮೆಡಿಕಲ್ ಶಾಪಲ್ಲಿ ಬೆವರು ನಿಲ್ಲಿಸೋ ಮಾತ್ರೆ ಇದೆ ಅಂದ್ರು, ನಿಮ್ಮನ್ನ ಕೇಳಿಯೇ ತಗೊಳ್ಳೋಣ ಅಂತ..."

"ಅದೊಂದು ಬುದ್ಧಿ ಆದ್ರೂ ಇತ್ತಲ್ಲ. ನನ್ನ ಕೇಳದೆ ಮಾತ್ರೆನೂ ಬೇಡ, ಕ್ರೀಮೂ ಬೇಡ."

ಆಮೇಲೆ ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ ಹಚ್ಚಿ ಯಂತ್ರ ಒತ್ತಿದರು. ಸದ್ದಿಲ್ಲ. ಆ ಕಡೆ ಸರಿಸಿದರು. ಸದ್ದಿಲ್ಲ. ಈ ಕಡೆ. ಬರೀ ಗರಗರ. ನನ್ನ ಗಂಡ ಸ್ವೆಟರಿನ ತೋಳು ಜಗ್ಗುತ್ತ ನಿಂತಿದ್ದರು. ಹೇರ್ ಸ್ಪ್ರಿಂಗ್ ಬಾಗಲಿಲ್ಲವೆಂದು ಬೀಗಿದ್ದೆನಲ್ಲ, ಆ ಸ್ಪ್ರಿಂಗನ್ನು ಯಾರಾದರೂ ಆಗ ನನ್ನೆದುರು ಹಿಡಿದಿದ್ದರೆ ಕಚ್ಚಿ ತುಂಡು ಮಾಡುತ್ತಿದ್ದೆ. ದೇವರೇ, ಇವಳಿಗೆ ಬುದ್ಧಿಯಿಲ್ಲ, ಅದಕ್ಕೆ ಆ ಕೂಸಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ ಎಂದು ಬೇಡಿಕೊಂಡೆ.

ಆಮೇಲೆ ಸಿಕ್ಕಿತು. ಮೂಲೆಯಲ್ಲಿ ಅಡಗಿ ಕೂತಿದ್ದರಂತೆ. ಟಕಟಕಟಕಟಕ. ನಿಮಿಷಕ್ಕೆ ನೂರ ನಲವತ್ತೆಂಟು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮಾವನಿಗೆ ನನ್ನ ಗಂಡ ಓಡಿ ಹೋಗಿ ಲೆಕ್ಕ ಹೇಳಿದರು. ಮಾವ ಗಂಭೀರವಾಗಿ, "ಸ್ವಲ್ಪ ಫಾಸ್ಟ್ ಇದೆಯಲ್ಲ?" ಎಂದರು. ಅದು ಅಷ್ಟೇ ಇರಬೇಕೆಂದು ಡಾಕ್ಟರಮ್ಮ ಹೊರಗೆ ಬಂದು ಒಪ್ಪಿಸಬೇಕಾಯಿತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಯಾಕೋ ಅಳುವೂ ಬಂತು. ಥೈರಾಯ್ಡಿಗೆ, ಸಕ್ಕರೆಗೆ ರಕ್ತ ಕೊಟ್ಟು ಬಂದಿದ್ದೇವೆ. ಜ್ವರ ಬಂದರೆ, ಎದೆಬಡಿತ ಜೋರಾಗಿ ನಿಲ್ಲದೇ ಹೋದರೆ ಅವತ್ತೇ ಬರಬೇಕು. ತಲೆ ಸುತ್ತಿತೋ, ಏನೇ ಕೆಲಸವಿರಲಿ, ಬಿಟ್ಟು ಎಡಗಡೆಗೆ ಮಲಗಬೇಕು. ಏನೇ ಕೆಲಸವಿರಲಿ ಎನ್ನುವುದನ್ನು ಡಾಕ್ಟರಮ್ಮ ಮೂರು ಸಲ ಹೇಳಿದರು.

ಮಾರ್ಚ್ 21, ಗುರುವಾರ

ಮಾವ ನನ್ನನ್ನು ಎಬ್ಬಿಸಿ ಮನೆಗೆ ಕಳಿಸುತ್ತಾರೆಂದು ಮೂರು ದಿನ ಕಾದೆ. ಇವತ್ತು ಅವರು ಟೇಬಲ್ ಫ್ಯಾನ್ ತಂದರು.

ಟೈಲರ್ ಕತ್ತರಿ ಕೈಯಲ್ಲೇ ಹಿಡಿದು ನೋಡಲು ಬಂದ. ನಲವತ್ತೊಂದು ವರ್ಷದ ವ್ರತ! ಮಾವ ಫ್ಯಾನನ್ನು ನನ್ನ ಮೇಜಿನ ಕೆಳಗಿಟ್ಟು, ಮೂರು ಕಡೆ ರಟ್ಟು ಬಡಿದರು. ಗಾಳಿ ಪಾದಕ್ಕೆ, ಮೊಣಕಾಲಿಗೆ ಮಾತ್ರ ಬೀಳಬೇಕು, ಮೇಲಕ್ಕೆ ಬರಕೂಡದು. ಪರೀಕ್ಷೆ ಮಾಡಲು ತಮ್ಮ ತಲೆಯಿಂದಲೇ ಒಂದು ಬಿಳಿ ಕೂದಲು ಕಿತ್ತು ಮೇಜಿನ ಮೇಲಿಟ್ಟರು. ಅಲುಗಾಡಿತು. ಇನ್ನೊಂದು ರಟ್ಟು. ಮತ್ತೆ ಕೂದಲು. ಸಂಜೆಯ ಹೊತ್ತಿಗೆ ಕೂದಲು ಕದಲದೆ ಮಲಗಿತು. ಅವರಿಗೆ ಮೊದಲೇ ಇರುವುದು ಹಿಡಿಯಷ್ಟು ಕೂದಲು, ಅದರಲ್ಲೂ ಒಂಬತ್ತು ಖರ್ಚಾಯಿತು.

ವಾಚು ತೊಳೆಯುವ ಕೆಲಸ ಇನ್ನು ಅವರದಂತೆ. ಹಿತ್ತಲಿನಲ್ಲಿ, ಗಾಳಿಯಾಡುವ ಕಡೆ. ಪೆಟ್ರೋಲಿನ ಶೀಸೆಯ ಹತ್ತಿರ ನಾನು ಸುಳಿಯಕೂಡದು. ಪ್ರತಿ ಗಂಟೆಗೆ ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಬಡಿದ ಕೂಡಲೇ "ನೀರು" ಎನ್ನುತ್ತಾರೆ. ಹನ್ನೆರಡು ಗಂಟೆಗೆ ಹನ್ನೆರಡು ಲೋಟ ಕುಡಿಸದಿದ್ದರೆ ಸಾಕು.

ಏಪ್ರಿಲ್ 2, ಮಂಗಳವಾರ

ಒದ್ದರು! ಒದ್ದರು ಅಂದರೆ ಒದ್ದರೇ! ಗ್ಯಾಸು ಅಂದುಕೊಂಡಿದ್ದೆ. ಗ್ಯಾಸು ಒಂದೇ ಜಾಗಕ್ಕೆ ಮೂರು ಸಲ ಬಡಿಯುತ್ತದೆಯೇ?

ಥೈರಾಯ್ಡ್ ಸರಿಯಿದೆ, ಸಕ್ಕರೆಯೂ ಸರಿಯಿದೆ. ಬೆವರು ಮಾತ್ರ ಹಾಗೇ ಇದೆ, ಅದರ ಪಾಡಿಗೆ ಅದು.

ಏಪ್ರಿಲ್ 11, ಗುರುವಾರ

ಅಭ್ಯಾಸಕ್ಕೆಂದು ಕಳೆದ ತಿಂಗಳು ಜೋಡಿಸಿಟ್ಟಿದ್ದ ವಾಚನ್ನು ಇವತ್ತು ತೆರೆದೆವು. ಒಳಗಿನ ಸ್ಟೀಲ್ ಪಟ್ಟಿಯ ಮೇಲೆ ನನ್ನ ಹೆಬ್ಬೆರಳು, ಕೆಂಪಗೆ, ಸುಳಿ ಸುಳಿಯಾಗಿ, ಪೊಲೀಸರಿಗೆ ಕೊಡುವಷ್ಟು ಚೆನ್ನಾಗಿ ಅಚ್ಚಾಗಿತ್ತು. ಮಾವ ಬಹಳ ಹೊತ್ತು ಅದನ್ನೇ ನೋಡಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಈಗ ಹೊಸ ಪದ್ಧತಿ. ಬೆರಳಿಗೆ ರಬ್ಬರ್ ಟೋಪಿ, ಹತ್ತು ನಿಮಿಷಕ್ಕೊಮ್ಮೆ ಬದಲು, ಯಾಕೆಂದರೆ ಅದರೊಳಗೇ ಕೆರೆ ತುಂಬುತ್ತದೆ. ಮಣಿಕಟ್ಟಿಗೆ ಹತ್ತಿ ಬಟ್ಟೆ. ಹಣೆಗೆ ಗಂಡನ ಹಳೆ ಬನಿಯನ್ನಿನ ಪಟ್ಟಿ. ಮೈಗೆ ಎರಡು ಸುತ್ತು ಸಡಿಲವಾದ ಹತ್ತಿಯ ಅಂಗಿ, ಅದೂ ಅವರದೇ. ಕನ್ನಡಿ ನೋಡಿಕೊಂಡೆ. ಕುಸ್ತಿಗೆ ಹೊರಟ ಬಸುರಿ! ನನ್ನ ಗಂಡ ಫೋಟೋ ತೆಗೆದರು. ಒಳಗಿನವರು ದೊಡ್ಡವರಾದ ಮೇಲೆ ತೋರಿಸುತ್ತಾರಂತೆ. ತೋರಿಸಲಿ, ನಾವೇನು ನಾಚುವವರಲ್ಲ.

ಏಪ್ರಿಲ್ 20, ಶನಿವಾರ

ಎಲ್ಲಿಂದ ಶುರು ಮಾಡಲಿ!

ಪರೀಕ್ಷಕರು ಎತ್ತರದ, ದಪ್ಪನೆಯ ಮನುಷ್ಯ. ಫ್ಯಾನಿಲ್ಲದ ಅಂಗಡಿಗಳಿಗೇ ಹೋಗಿ ಹೋಗಿ ಮೂರು ಕರ್ಚೀಫು ಇಟ್ಟುಕೊಂಡು ಬಂದಿದ್ದರು. ನನ್ನ ವೇಷ ನೋಡಿ ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಗಡಿಯಾರ ನೋಡಿ "ಶುರು ಮಾಡಿ" ಎಂದರು. ನಾನು ಬಿಚ್ಚತೊಡಗಿದೆ. ಹತ್ತು ನಿಮಿಷವಾದ ಮೇಲೆ ಅವರಿಗೆ ಮೇಜಿನ ಕೆಳಗಿನಿಂದ ಎಲ್ಲೋ ತಂಪು ಬರುತ್ತಿರುವುದು ಗೊತ್ತಾಯಿತು. ಕುರ್ಚಿ ಒಂದಿಷ್ಟು ಮುಂದೆ ಬಂತು. ಇನ್ನೊಂದಿಷ್ಟು ಮುಂದೆ ಬಂತು. ಆಮೇಲೆ ಮೆಲ್ಲಗೆ ಶೂ ಕಳಚುವ ಸದ್ದು. ಕಾಲುಚೀಲದ ಪಾದವೆರಡು ನನ್ನ ಫ್ಯಾನಿನ ಮುಂದೆ ಬಂದು ಕೂತವು. ಭೂತಗನ್ನಡಿ ಹಾಕಿಕೊಂಡವಳು ನಗುವಂತೆಯೂ ಇಲ್ಲ, ಕಣ್ಣಿನಿಂದ ಉದುರಿಹೋಗುತ್ತದೆ. ನಕ್ಕಿದ್ದು ಒಳಗಿನವರು, ಎರಡು ಒದೆ.

ಬಿಚ್ಚುವುದು ಸಲೀಸಾಯಿತು. ಗಂಟೆ ಬಡಿಯಿತು. "ಸ್ವಲ್ಪ ಇರಿ ಸಾರ್, ನೀರು ಕುಡೀಬೇಕು" ಎಂದು ಎದ್ದೆ. ಕುಡಿದಮೇಲೆ ಬಾತ್‌ರೂಮಿಗೂ ಹೋಗಬೇಕಲ್ಲ, ಹೋಗಿ ಬಂದೆ. ಅವರು ಏನೋ ಬರೆದುಕೊಂಡರು.

ಜೋಡಿಸುವುದು ಮುಕ್ಕಾಲು ಮುಗಿದು, ಬ್ಯಾಲೆನ್ಸ್ ಚಕ್ರ ಚಿಮಟದಲ್ಲಿತ್ತು. ಅದೊಂದು ಕೂತರೆ ವಾಚು ಉಸಿರಾಡುತ್ತದೆ. ಆಗ ಕತ್ತಿನ ಹಿಂದೆ ಆ ಹಳೆಯ ತಣ್ಣನೆ ಬೆವರು, ಕಣ್ಣಿನ ಅಂಚಿನಲ್ಲಿ ಕತ್ತಲೆ. ಚಕ್ರವನ್ನು ಬಟ್ಟಲಿನೊಳಗಿಟ್ಟು ಮುಚ್ಚಿದೆ. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಎಡಗಡೆಗೆ ಮಲಗಿಬಿಟ್ಟೆ, ಬನಿಯನ್ ಪಟ್ಟಿ ಸಮೇತ.

ಪರೀಕ್ಷಕರು ಕಾಲುಚೀಲದಲ್ಲೇ ಎದ್ದು ನಿಂತರು. "ಅಯ್ಯೋ, ಏನಾಯ್ತು? ಟೈಮ್ ನಿಲ್ಸೋ ಹಾಗಿಲ್ಲಮ್ಮ, ರೂಲ್ಸ್ ಹಾಗಿದೆ."

"ನಡೀಲಿ ಬಿಡಿ ಸಾರ್" ಎಂದೆ.

ಮಾವ ಲೋಟ ತಂದರು, ಫ್ಯಾನನ್ನು ಬೆಂಚಿನ ಕಡೆ ತಿರುಗಿಸಿದರು. ಪರೀಕ್ಷಕರ ಪಾದಗಳು ಅನಾಥವಾದವು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒದೆ ಬರಲಿ ಎಂದು ಕಾಯುತ್ತ ಮಲಗಿದೆ. ಬಂತು. ಇನ್ನೊಂದು ಬರಲಿ ಎಂದು ಕಾದೆ. ಅದೂ ಬಂತು. ತಲೆ ತಿಳಿಯಾದ ಮೇಲೆ ಎದ್ದು, ಬೆರಳಿಗೆ ಹೊಸ ಟೋಪಿ ಹಾಕಿಕೊಂಡು ಚಕ್ರ ಕೂರಿಸಿದೆ. ವಾಚು ಓಡಿತು. ಪರೀಕ್ಷಕರು ತಾವೇ ಹಿಂಬದಿಯ ಮುಚ್ಚಳ ಒತ್ತಿ ಹಾಕಿ, ಡಬ್ಬಿಗೆ ಸೀಲು ಮಾಡಿ, ಶೂ ಹುಡುಕಿ ಹಾಕಿಕೊಂಡು ಹೋದರು.

ನಾವು ಮನೆಗೆ ಹೋಗುವಾಗ ದಾರಿಯಲ್ಲಿ ಡಾಕ್ಟರಮ್ಮನಿಗೆ ತೋರಿಸಿದೆವು. ಎಲ್ಲ ಸರಿಯಿದೆ. ಮಲಗಿದ್ದು ಸರಿಯಾಯಿತು ಎಂದು ಬೆನ್ನು ತಟ್ಟಿದರು. ಮನೆಗೆ ಬಂದಮೇಲೆ ನನ್ನ ಗಂಡ ಕೇಳಿದರು, "ಎಷ್ಟು ಹೊತ್ತು ಜಾಸ್ತಿ ಆಯ್ತು?" ಆಗಲೇ ನೆನಪಾಗಿದ್ದು, ಅದನ್ನು ನಾನು ನೋಡಿಯೇ ಇಲ್ಲ.

ಮೇ 14, ಮಂಗಳವಾರ

ಬಿಕ್ಕಳಿಕೆ! ಪುಟ್ಟನಿಗೋ ಪುಟ್ಟಿಗೋ ಬಿಕ್ಕಳಿಕೆ! ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಶುರುವಾಯಿತು. ಒದೆಯಲ್ಲ, ಹೊರಳುವುದಲ್ಲ, ಒಂದೇ ಸಮನೆ ಪುಟ್, ಪುಟ್, ಪುಟ್. ಹೊಟ್ಟೆಯ ಮೇಲೆ ಇಟ್ಟಿದ್ದ ಕಾಗದ ಕುಣಿಯುತ್ತಿತ್ತು. ಗಾಬರಿಯಾಗಿ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ನಕ್ಕು, "ನೀವು ಬೆವರ್ತೀರ, ಅದು ಬಿಕ್ಕಳಿಸತ್ತೆ, ಸರಿಹೋಯ್ತು" ಎಂದರು. ಮಾವ ಸ್ಟಾಪ್ ವಾಚು ತಂದರು. ಪ್ರತಿ ಪುಟ್‌ಗೂ ನಾನು ಬೆರಳೆತ್ತಬೇಕು, ಅವರು ಎಣಿಸಬೇಕು. ಮೂರು ನಿಮಿಷ ಎಣಿಸಿದೆವು. ಮೂರೂ ನಿಮಿಷ ಹೆಚ್ಚು ಕಡಿಮೆ ಒಂದೇ ಲೆಕ್ಕ. "ಒಳ್ಳೇ ಕೆಲಸ" ಎಂದು ಮಾವ ತಲೆದೂಗಿದರು. ಈ ಮಾತನ್ನು ಅವರ ಬಾಯಿಂದ ಕೇಳಲು ನನಗೆ ಆರು ವರ್ಷ ಹಿಡಿದಿತ್ತು. ಒಳಗಿನವರಿಗೆ ಮೂರೇ ನಿಮಿಷ! ನನ್ನ ಗಂಡ ಸಂಜೆ ಬಂದು ಸ್ವೆಟರು ಬಿಚ್ಚಿ ನನ್ನ ಕೈಗೆ ಕೊಟ್ಟು, ಹೊಟ್ಟೆಯ ಹತ್ತಿರ ಬಾಯಿಟ್ಟು "ಯಾರು ನೆನೆಸ್ಕೊಂಡ್ರು ನಿನ್ನ?" ಎಂದು ಕೇಳಿದರು. ಇನ್ನೊಂದು ಸಲ ಬಿಕ್ಕಳಿಸಲಿ ಎಂದು ಮೂವರೂ ಎಂಟು ಗಂಟೆಯ ತನಕ ಕಾದು ಕೂತಿದ್ದೆವು, ಟಿಕೆಟ್ಟು ಕೊಂಡು ಬಂದವರ ಹಾಗೆ. ಬಿಕ್ಕಳಿಸಲಿಲ್ಲ.

ಅಂದಹಾಗೆ ಬರೆಯುವುದು ಮರೆತಿತ್ತು. ಹೊಟ್ಟೆಯ ಮೇಲೆ ಕುಣಿದ ಕಾಗದ ಕಂಪನಿಯದು. ಬಂದು ನಾಲ್ಕು ದಿನವಾಯಿತು. ಪಾಸಾಗಿದ್ದೇನೆ.

ಯಂತ್ರದ ಯಾವ ಭಾಗದಲ್ಲೂ ತುಕ್ಕಿಲ್ಲ. ಹಿಂಬದಿಯ ಮುಚ್ಚಳದ ಒಳಗೆ ಮಾತ್ರ ಒಂದು ದೊಡ್ಡ ಹೆಬ್ಬೆರಳಿನ ಗುರುತು ಸಿಕ್ಕಿದೆ, ಅದು ಅಭ್ಯರ್ಥಿಯದಲ್ಲ ಎಂದು ಪರೀಕ್ಷಕರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಸಮಯ ಮಾತ್ರ ಹದಿನೇಳು ನಿಮಿಷ ಮೀರಿದೆ. ಮೀರಿದ ನಿಮಿಷಕ್ಕೊಂದರಂತೆ ಹದಿನೇಳು ಅಂಕ ಕಡಿತ. ಅರವತ್ತು ಬೇಕಿತ್ತು, ಅರವತ್ತೆರಡು ಉಳಿದಿವೆ. ಇನ್ನು ಮೂರು ನಿಮಿಷ ಮಲಗಿದ್ದರೆ ಹೋಗಿತ್ತು. ಮೂರು ನಿಮಿಷ ಬೇಕಾಗಿದ್ದರೆ ಮಲಗುತ್ತಿದ್ದೆ, ಅದು ಬೇರೆ ಮಾತು.

ಕಾಗದದ ಕೊನೆಯಲ್ಲಿ ಕೆಂಪು ಶಾಯಿಯ ಒಂದು ಸಾಲಿದೆ: "ಕೆಲಸವನ್ನು ಎರಡು ಬಾರಿ ಅರ್ಧಕ್ಕೆ ಬಿಟ್ಟು ಎದ್ದಿದ್ದಾರೆ." ಕಾಗದ ಬಂದ ದಿನ ಮಾವ ಅದನ್ನು ಗಟ್ಟಿಯಾಗಿ ಓದಿದರು. ಬೈಗುಳ ಬಂತೆಂದು ನಾನು ತಲೆ ತಗ್ಗಿಸಿದೆ. ಬಿಚ್ಚಿದ ವಾಚನ್ನು ಬಿಟ್ಟು ಏಳುವುದು ಅವರ ಮಟ್ಟಿಗೆ ಸೀನುವುದಕ್ಕಿಂತ ದೊಡ್ಡ ಅಪರಾಧ.

"ನಾನು ಯಾವತ್ತೂ ಎದ್ದವನಲ್ಲ ಕಣಮ್ಮ" ಎಂದರು. "ನಿನ್ನ ಗಂಡ ಹುಟ್ಟಿದ ದಿನ ಒಂದು ವಾಚು ಬಿಚ್ಕೊಂಡು ಕೂತಿದ್ದೆ. ಆಸ್ಪತ್ರೆಯಿಂದ ಎರಡು ಸಲ ಹೇಳಿ ಕಳಿಸಿದ್ರು. ಮುಗಿಸಿ ಹೋಗೋಣ ಅಂದೆ. ಹೋಗೋವಾಗ ಮಗು ಹುಟ್ಟಿ ಮೂರು ಗಂಟೆ ಆಗಿತ್ತು. ನಿನ್ನ ಅತ್ತೆ ಇರೋ ತನಕ ಅದನ್ನ ಒಂದು ಸಲಾನೂ ಆಡಿ ತೋರಿಸ್ಲಿಲ್ಲ. ಆ ವಾಚು ಯಾರದ್ದು ಅಂತ ಇವತ್ತು ನನಗೆ ನೆನಪೂ ಇಲ್ಲ." ಕಾಗದ ಮಡಚಿದರು. "ಎಲ್ಲಾ ನಾನೇ ಕಲಿಸಿದೆ ನಿನಗೆ. ಏಳೋದು ಮಾತ್ರ ನಾನು ಕಲಿಸಿದ್ದಲ್ಲ."

ಅಷ್ಟರಲ್ಲಿ ಗೋಡೆಯ ಗಡಿಯಾರಗಳೆಲ್ಲ ನಾಲ್ಕು ಬಡಿದವು. ಮೇಜಿನ ಮೇಲೆ ಅವರದೇ ಒಂದು ವಾಚು ಬಿಚ್ಚಿಕೊಂಡು ಬಿದ್ದಿತ್ತು. ಮಾವ ಅದರ ಮೇಲೆ ಬಟ್ಟಲು ಮುಚ್ಚಿ ಎದ್ದರು, ನನಗೆ ಒಂದು ಲೋಟ ನೀರು ತಂದುಕೊಟ್ಟು, ತಾವೂ ಒಂದು ಲೋಟ ಕುಡಿದರು.